ದಂಡದ ಚೀಟಿ ಹಿಡಿದ ಪಾಳೇಗಾರರು

ಗಾಡಿಯೇ ಇಲ್ಲದ ಹಾಸ್ಟೆಲ್ ಹುಡುಗರಿಗೆ ಗಾಡಿ ನಿಲ್ಲಿಸುವ ಜಾಗದ ರಗಳೆ ಯಾಕೆ ಅಂತೀರಾ? ಅದೂ ಬ್ರಿಟನ್ನಿನದು! ಕಾನೂನು ಹುಟ್ಟಿದ ಮೇಲೂ ಉಳ್ಳವರ ಬಾಗಿಲಲ್ಲಿ ಹೇಗೆ ಸಾಯುತ್ತೆ ಅನ್ನೋದನ್ನ ನಾವು ತಿಳಿಯಬೇಕು, ಅದಕ್ಕೆ.

ಅಲ್ಲಿ ಅಂಗಡಿ, ಆಸ್ಪತ್ರೆಗಳ ಮುಂದಿನ ಖಾಸಗಿ ಜಾಗ ಕಾಯಲು ಕಂಪನಿಗಳಿವೆ. ಕ್ಯಾಮೆರಾ ಗಾಡಿಯ ನಂಬರ್ ಹಿಡಿಯುತ್ತೆ. ಸರ್ಕಾರದ ವಾಹನ ಇಲಾಖೆ 2.50 ಪೌಂಡ್ ಈಸಿಕೊಂಡು ಗಾಡಿಯವನ ಹೆಸರು, ವಿಳಾಸ ಕೊಡುತ್ತೆ. ಮನೆಗೆ 100 ಪೌಂಡಿನವರೆಗೂ ಚೀಟಿ ಬರುತ್ತೆ. 14 ದಿನದೊಳಗೆ ಕಟ್ಟಿದರೆ ನೂರಕ್ಕೆ ನಲವತ್ತು ರಿಯಾಯಿತಿ. ಎಂಥಾ ಉದಾರ ಮನಸ್ಸು! ವಾದ ಮಾಡಿ ಸೋತರೆ ಪೂರ್ತಿ ತೆರಬೇಕೆಂಬ ಹೆದರಿಕೆಗೆ ತಪ್ಪು ಮಾಡದವನೂ ರಿಯಾಯಿತಿ ಮೊತ್ತ ಕಟ್ಟಿ ಪಾರಾಗ್ತಾನೆ. ಕಟ್ಟದವನ ತಲೆಮೇಲೆ ವಸೂಲಿಯ ಹೆಸರಲ್ಲಿ ಇನ್ನೂ 70 ಪೌಂಡ್.

ಜಾಗ ಅವರದು, ಕೇಳಲಿ ಬಿಡಿ ಅನ್ನುವವರುಂಟು. ದಾರಿಗೆ ಅಡ್ಡ ನಿಲ್ಲಿಸಿದವನು ತೆರಲಿ, ನಮ್ಮ ತಕರಾರಿಲ್ಲ. ಆದರೆ ಚೀಟಿ ಹರಿಯುವುದು ಕಂಪನಿ, ನಿಯಮ ಬರೆಯುವುದು ಕಂಪನಿಗಳ ಸಂಘ, ಮೇಲ್ಮನವಿಯ ಏರ್ಪಾಡು ಮಾಡಿರುವುದೂ ಅದೇ ಸಂಘ. ಹೊಲವೂ ಪಟೇಲನದು, ಚಾವಡಿಯೂ ಪಟೇಲನದು ಅಂದಮೇಲೆ ನ್ಯಾಯ ಎಲ್ಲಿಂದ ಬರಬೇಕು?

ಚೆಲ್ಮ್ಸ್‌ಫರ್ಡ್ ಊರಲ್ಲಿ ಎರಡು ಗಂಟೆ ಪುಕ್ಕಟೆ ನಿಲ್ಲಿಸುವ ಜಾಗ. 56 ನಿಮಿಷ ಹೆಚ್ಚು ನಿಂತ ಗಾಡಿಗೆ 85 ಪೌಂಡ್. 2015ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಇದು ಸರಿಯೇ ಅಂತು. ಜನರ ಗೋಳು ಪಾರ್ಲಿಮೆಂಟಿಗೂ ಮುಟ್ಟಿ, ಸರ್ಕಾರವೇ ನಿಯಮ ಮಾಡಬೇಕೆಂದು 2019ರಲ್ಲಿ ಕಾಯ್ದೆ ಆಯ್ತು. 2022ರ ಫೆಬ್ರವರಿಯಲ್ಲಿ ನಿಯಮಾವಳಿ ಹೊರಬಂತು: ಲಂಡನ್ನಿನ ಹೊರಗೆ ಸಾಮಾನ್ಯ ತಪ್ಪಿಗೆ 50 ಪೌಂಡ್ ಮಿತಿ, ವಸೂಲಿಯ ಹೆಚ್ಚುವರಿ ಇಲ್ಲ. ಕಂಪನಿಗಳು ಕೋರ್ಟಿಗೆ ಓಡಿದವು. ಜೂನ್‌ನಲ್ಲಿ ಸರ್ಕಾರ ನಿಯಮಾವಳಿಯನ್ನೇ ಹಿಂದಕ್ಕೆ ತಗೊಂಡಿತು! 2024ರಲ್ಲಿ ಕಂಪನಿಗಳ ಎರಡು ಸಂಘಗಳೂ ಸೇರಿ ತಮ್ಮ ನಿಯಮ ತಾವೇ ಬರೆದುಕೊಂಡವು. ಆ 100, ಆ 70 ಹಾಗೇ ಉಳಿದವು. 2025ರ ಜುಲೈನಲ್ಲಿ, ಕಾಯ್ದೆಯಾಗಿ ಆರು ವರ್ಷದ ಮೇಲೆ, ಸರ್ಕಾರ ಮತ್ತೆ ಜನರನ್ನು ಕೇಳಿತು: ಏನು ಮಾಡೋಣ ಹೇಳಿ?

ಏನು ಮಾಡೋದು? ದಂಡದ ಮಿತಿಯನ್ನ ಸರ್ಕಾರ ಹಾಕಲಿ. ಮೇಲ್ಮನವಿಯನ್ನ ಕಂಪನಿಯ ಹಂಗಿಲ್ಲದವರು ಕೇಳಲಿ. ಒಪ್ಪದ ಕಂಪನಿಗೆ ಜನರ ವಿಳಾಸ ಕೊಡೋದು ನಿಲ್ಲಿಸಲಿ. ವಿಳಾಸ ಸಿಗದಿದ್ದರೆ ಅವರು ಚೀಟಿಯನ್ನ ಯಾರ ಮನೆಗೆ ಕಳಿಸ್ತಾರೆ?

ಗೆಳೆಯರೇ, ಕಾಯ್ದೆ ಪಾಸಾಯ್ತು ಅಂತ ಪಟಾಕಿ ಹೊಡೆದು ಮಲಗಬೇಡಿ. ಕಾಯ್ದೆ ಪುಸ್ತಕದಲ್ಲೇ ಇರುತ್ತೆ, ಚೀಟಿ ಮನೆಗೆ ಬರುತ್ತೆ. ನಿಯಮ ಬರೆಯುವ ಮೇಜಿನ ಸುತ್ತ ಯಾರು ಕೂತಿದ್ದಾರೆ, ಅದನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡ್ತಾ ಇರೋಣ.