ನೋಡಿದರೂ ಕಾಣದ ಚಿತ್ರ

ಕನ್ನಡದಲ್ಲಿ 'ನೋಡು' ಎಂಬ ಧಾತುವಿಗೂ 'ಕಾಣು' ಎಂಬ ಧಾತುವಿಗೂ ಇರುವ ಅಂತರವನ್ನು ಪ್ರತಿವರ್ಷವೂ ತರಗತಿಯಲ್ಲಿ ನಾನು ವಿವರಿಸಬೇಕಾಗುತ್ತದೆ. ನೋಡುವುದು ಕಣ್ಣಿನ ಯತ್ನ. ಕಾಣುವುದು ಆ ಯತ್ನದ ಫಲ. ಯತ್ನವಿದ್ದೂ ಫಲ ದೊರೆಯದಿರುವುದುಂಟು. ಇದಕ್ಕೆ ನಿದರ್ಶನವಾಗಿ ಎರಡನೆಯ ಮಹಾಯುದ್ಧದ ಒಂದು ವಿಮಾನದಳದ ವೃತ್ತಾಂತವನ್ನು ಈ ವಾರ ವಾಚಕರ ಮುಂದಿಡಬಯಸುತ್ತೇನೆ.

ದಕ್ಷಿಣ ಆಫ್ರಿಕದ ವಾಯುಸೇನೆಯ 60ನೆಯ ದಳವು ಯುದ್ಧಕಾಲದಲ್ಲಿ ಹುಟ್ಟಿದ್ದಾದರೂ ಕಾದಾಡುವ ದಳವಲ್ಲ. ಕ್ಯಾಮರಾಗಳನ್ನು ಹೊತ್ತು ಹಾರಿ ಶತ್ರುವಿನ ನೆಲವನ್ನು ಚಿತ್ರಿಸಿ ತರುವುದೇ ಅದರ ಕಾಯಕ. ಪೂರ್ವ ಆಫ್ರಿಕದಲ್ಲಿ ಮೊದಲಾದ ಅದರ ಸೇವೆಯು ಉತ್ತರ ಆಫ್ರಿಕದ ಮರಳುಗಾಡನ್ನು ದಾಟಿ, ಕೊನೆಗೆ ಇಟಲಿಯ ಫೋಜ್ಜಾ ಬಯಲಿಗೆ ಬಂದಿತು. ಆ ವೇಳೆಗೆ ಅದರ ಕೈಯಲ್ಲಿ ಮಾಸ್ಕಿಟೊ ವಿಮಾನಗಳಿದ್ದವು. ಮರದ ಒಡಲು, ಎರಡು ಎಂಜಿನುಗಳು, ಒಳಗೆ ಇಬ್ಬರೇ ಆಳುಗಳು. ಬಂದೂಕು ಒಂದೂ ಇಲ್ಲ. ಎತ್ತರವೂ ವೇಗವೂ ಅವರಿಗಿದ್ದ ರಕ್ಷೆ.

ಅವರು ತಂದ ಚಿತ್ರಗಳನ್ನು ಓದುವುದೇ ಮತ್ತೊಂದು ವಿದ್ಯೆ. ಒಂದು ಚಿತ್ರವು ಮುಂದಿನ ಚಿತ್ರದ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಆವರಿಸುವಂತೆ ತೆಗೆದು, ಎರಡನ್ನೂ ಜೋಡಿ ಮಸೂರದ ಕೆಳಗಿಟ್ಟರೆ ಚಪ್ಪಟೆಯಾದ ನೆಲದಿಂದ ಗೋಡೆಗಳೂ ಚಿಮಣಿಗಳೂ ಎದ್ದು ನಿಲ್ಲುತ್ತವೆ. ಇಂಗ್ಲೆಂಡಿನ ಥೇಮ್ಸ್ ದಂಡೆಯ ಮೆಡ್‌ಮನ್‌ಹ್ಯಾಮ್‌ನ ಒಂದು ಬಂಗಲೆಯಲ್ಲಿ ನೂರಾರು ಸ್ತ್ರೀಪುರುಷರು ಹಗಲಿರುಳೂ ಈ ಓದಿನಲ್ಲಿ ತೊಡಗಿದ್ದರು. ಜರ್ಮನಿಯ ರಾಕೆಟ್ಟುಗಳನ್ನು ಪೀನಮ್ಯುಂಡೆಯ ಚಿತ್ರಗಳಲ್ಲಿ 1943ರಲ್ಲಿ ಪತ್ತೆಹಚ್ಚಿದ ಕಣ್ಣುಗಳು ಅವರವು.

1944ರ ಏಪ್ರಿಲ್ 4ರಂದು ಈ ದಳದ ಒಂದು ಮಾಸ್ಕಿಟೊ ಜರ್ಮನರ ವಶದಲ್ಲಿದ್ದ ಪೋಲೆಂಡಿನ ಮೇಲೆ ಹಾರಿತು. ಮೊನೊವಿಟ್ಸ್ ಎಂಬಲ್ಲಿ ಐ.ಜಿ. ಫಾರ್ಬೆನ್ ಸಂಸ್ಥೆಯು ಕಟ್ಟುತ್ತಿದ್ದ ಕೃತಕ ತೈಲ ಹಾಗೂ ರಬ್ಬರಿನ ಕಾರ್ಖಾನೆಯನ್ನು ಚಿತ್ರಿಸುವುದು ಅದರ ಗುರಿ. ಕ್ಯಾಮರಾ ಸುತ್ತಲಿನ ನೆಲವನ್ನೂ ಸೆರೆಹಿಡಿಯಿತು. ಆ ನೆಲದಲ್ಲಿತ್ತು ಆಶ್ವಿಟ್ಸ್ ಶಿಬಿರ. ಸುಮಾರು ಹನ್ನೊಂದು ಲಕ್ಷ ಜನರನ್ನು, ಅವರಲ್ಲಿ ಬಹುಪಾಲು ಯೆಹೂದ್ಯರನ್ನು, ಕೊಂದ ಜಾಗ ಅದು. ಮೆಡ್‌ಮನ್‌ಹ್ಯಾಮ್‌ನ ಓದುಗರು ಕಾರ್ಖಾನೆಯನ್ನು ಸೂಕ್ಷ್ಮವಾಗಿ ಗುರುತಿಸಿದರು. ಶಿಬಿರದ ಅರ್ಥ ಅವರಿಗೆ ಹೊಳೆಯಲಿಲ್ಲ.

ಇದಾದ ಮೂರೇ ದಿನಕ್ಕೆ, ಏಪ್ರಿಲ್ 7ರಂದು, ರುಡಾಲ್ಫ್ ವರ್ಬಾ ಮತ್ತು ಆಲ್ಫ್ರೆಡ್ ವೆಟ್ಸ್ಲರ್ ಎಂಬ ಇಬ್ಬರು ಸೆರೆಯಾಳುಗಳು ಅದೇ ಶಿಬಿರದ ಮರದ ರಾಶಿಯೊಂದರಲ್ಲಿ ಅಡಗಿದರು. ಅಲ್ಲಿಂದ ತಪ್ಪಿಸಿಕೊಂಡು ಸ್ಲೊವಾಕಿಯವನ್ನು ಸೇರಿ, ವಿಷಾನಿಲದ ಕೋಣೆಗಳ ವಿವರವನ್ನು ಹೇಳಿ ಬರೆಯಿಸಿದರು. ಆ ವರದಿ ಬೇಸಗೆಯಲ್ಲಿ ಮಿತ್ರರಾಷ್ಟ್ರಗಳ ಕೈಸೇರಿತು. ಶಿಬಿರದ ಮೇಲೆ ಬಾಂಬು ಹಾಕಿರೆಂಬ ಮೊರೆಯೂ ಜುಲೈನಲ್ಲಿ ಲಂಡನ್ನನ್ನು ಮುಟ್ಟಿತು. ಆಗಸ್ಟ್ 20ರಂದು ಅಮೆರಿಕದ ವಿಮಾನಗಳು ಬಾಂಬು ಹಾಕಿದ್ದು ಕಾರ್ಖಾನೆಯ ಮೇಲೆ. ಕೆಲವೇ ಮೈಲಿ ದೂರದ ಆ ಕೋಣೆಗಳ ಮೇಲಲ್ಲ. ಮೇಲಿನಿಂದ ನೋಡಿದ ಕಣ್ಣೂ ಒಳಗಿನಿಂದ ಬಂದ ಮಾತೂ ಒಂದೇ ಮೇಜಿನ ಮೇಲೆ ಕೂಡಲಿಲ್ಲ.

ಕೂಡಿದ್ದು 1979ರಲ್ಲಿ. ಅಮೆರಿಕದ ಗುಪ್ತಚರ ಇಲಾಖೆಯ ಡೀನೊ ಬ್ರುಜಿಯೋನಿ ಮತ್ತು ರಾಬರ್ಟ್ ಪೋರಿಯರ್ ಹಳೆಯ ಸುರುಳಿಗಳನ್ನು ಹುಡುಕಿ ತೆಗೆದು, ಬದುಕುಳಿದವರ ಸಾಕ್ಷ್ಯವನ್ನು ಪಕ್ಕದಲ್ಲಿಟ್ಟುಕೊಂಡು ಓದಿದರು. 1944ರ ಆಗಸ್ಟ್ 25ರ ಚಿತ್ರದಲ್ಲಿ ರೈಲಿನಿಂದ ಇಳಿದ ಜನರ ಸಾಲೊಂದು ವಿಷದ ಕೋಣೆಯ ಕಡೆಗೆ ಸಾಗುತ್ತಿರುವುದು ಆಗ ಕಂಡಿತು. ಮೂವತ್ತೈದು ವರ್ಷ ಆ ಸಾಲು ಚಿತ್ರದಲ್ಲಿಯೇ ನಿಂತಿತ್ತು.

ಮೆಡ್‌ಮನ್‌ಹ್ಯಾಮ್‌ನ ಓದುಗರನ್ನು ಹಳಿಯುವುದು ಸುಲಭ. ನನಗೆ ಅದು ನ್ಯಾಯವೆನಿಸುವುದಿಲ್ಲ. ಅವರಿಗೆ ಕೇಳಿದ ಪ್ರಶ್ನೆಗೆ ಅವರು ಉತ್ತರ ಕೊಟ್ಟರು. ಕೇಳಿದ್ದು ತೈಲದ ಪ್ರಶ್ನೆ. ಮನುಷ್ಯರ ಪ್ರಶ್ನೆಯನ್ನು ಅವರ ಮುಂದೆ ಯಾರೂ ಇಡಲಿಲ್ಲ. ಇಡಬಲ್ಲವರ ಕೈಗೆ ವರ್ಬಾ-ವೆಟ್ಸ್ಲರರ ವರದಿ ಬಂದಿತ್ತು. ಹೊಣೆ ಇರುವುದು ಅಲ್ಲಿ.

ಇಂದು ಉಪಗ್ರಹಗಳು ದಿನವೂ ಭೂಮಿಯನ್ನು ಚಿತ್ರಿಸುತ್ತಿವೆ. ಚಿತ್ರಗಳಿಗೆ ಬರವಿಲ್ಲ. ಆದರೂ ತಪ್ಪಿಸಿಕೊಂಡು ಬಂದವನ ಮಾತನ್ನು ಕೇಳುವ ಕಿವಿ ಇಲ್ಲದಿದ್ದರೆ ಚಿತ್ರ ಮೂಕವೇ. ತರಗತಿಯಲ್ಲಿ ಆ ಎರಡು ಧಾತುಗಳನ್ನು ಬಿಡಿಸುವಾಗ, ಇನ್ನು ಮುಂದೆ, ಈ ಕಥೆಯನ್ನೂ ಹೇಳಬೇಕೆಂದಿದ್ದೇನೆ.