ಮೊದಲ ಕಾಗದ ಸರಿಯಾಗಿರಲಿ

ಬೈಕಿನಲ್ಲಿ ಬಂದವನು ಕೈಯಲ್ಲಿದ್ದ ಮೊಬೈಲ್ ಕಿತ್ತುಕೊಂಡು ಹೋದ ಎಂದು ಠಾಣೆಯ ರೈಟರ್ ಮುಂದೆ ಕೂತು ಹೇಳುತ್ತೇವೆ. ಕಾಗದದ ಮೇಲೆ ಮಾತ್ರ ‘ಮೊಬೈಲ್ ಕಳೆದುಹೋಗಿದೆ’ ಎಂದು ಮೂಡುತ್ತದೆ. ಊರಲ್ಲಿ ಹಿಂಬರಹ ಕೊಟ್ಟು ಸಾಗಹಾಕುವ ಹಾಗೆ, ಇಲ್ಲಿ ‘ಅರ್ಜಿ’ ಬರೆಸಿಕೊಂಡು ಕಳಿಸುವುದುಂಟು. ಫರಿಯಾದು ಕೊಟ್ಟೆವೆಂದು ನಾವು ನಂಬಿ ಬರುತ್ತೇವೆ. ಠಾಣೆಯ ಲೆಕ್ಕದಲ್ಲಿ ಅಪರಾಧವೇ ನಡೆದಿರುವುದಿಲ್ಲ.

ಅಹಮದಾಬಾದ್, ವಡೋದರಾ, ಸೂರತ್‌ಗಳಲ್ಲಿ ನೆಲೆಸಿರುವ ಕನ್ನಡಿಗರಾದ ನಾವು ಪೊಲೀಸ್ ಸುಧಾರಣೆಯ ಈ ಆಂದೋಲನವನ್ನು ಆ ಕಾಗದದಿಂದಲೇ ಶುರುಮಾಡುತ್ತಿದ್ದೇವೆ. ಸಂಜ್ಞೇಯ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸಲೇಬೇಕೆಂದು 2013ರ ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು, ಪ್ರತಿ ಉಚಿತ.

ಪೊಲೀಸ್ ವೃತ್ತಿ ಹದ ತಪ್ಪಿದರೆ ಏನಾಗುತ್ತದೆಂದು ವಡೋದರಾ ಕಂಡಿದೆ. 2002ರ ಮಾರ್ಚ್ 1ರ ರಾತ್ರಿ ಹನುಮಾನ್ ಟೇಕ್ರಿಯ ಬೆಸ್ಟ್ ಬೇಕರಿಗೆ ಗಲಭೆಕೋರರು ಬೆಂಕಿ ಹಚ್ಚಿದರು. 14 ಜನ ಸತ್ತರು. ಸಾಕ್ಷಿಗಳು ತಿರುಗಿಬಿದ್ದರು, 2003ರಲ್ಲಿ 21 ಆರೋಪಿಗಳೂ ಖುಲಾಸೆಯಾದರು. ತನಿಖೆ ನಿಷ್ಪಕ್ಷಪಾತವಾಗಿರಲಿಲ್ಲವೆಂದ ಸುಪ್ರೀಂ ಕೋರ್ಟ್, 2004ರ ಏಪ್ರಿಲ್ 12ರಂದು ಮರುವಿಚಾರಣೆಯನ್ನು ಮಹಾರಾಷ್ಟ್ರಕ್ಕೆ ಕಳಿಸಿತು. ಒಂದು ರಾಜ್ಯದ ಪೊಲೀಸರಿಗೆ ಇದಕ್ಕಿಂತ ದೊಡ್ಡ ಅವಮಾನ ಬೇಕಿಲ್ಲ.

ತನಿಖೆಯವರನ್ನು ಬಂದೋಬಸ್ತಿನಿಂದ ಬೇರೆ ಮಾಡಿ ಎಂದು 2006ರಲ್ಲೇ ಸುಪ್ರೀಂ ಕೋರ್ಟ್‌ನ ಪ್ರಕಾಶ್ ಸಿಂಗ್ ತೀರ್ಪು ಹೇಳಿತು. ಅದನ್ನು ಮೂರೂ ನಗರಗಳ ಪ್ರತಿ ಠಾಣೆಯಲ್ಲಿ ಪಾಲಿಸಬೇಕು. ಹಗಲೆಲ್ಲ ರಥಯಾತ್ರೆಯ ಬಿಸಿಲಲ್ಲಿ ನಿಂತವನು ರಾತ್ರಿ ಕೇಸ್ ಡೈರಿಯನ್ನು ಹೇಗೆ ತಾನೇ ಚೊಕ್ಕವಾಗಿ ಬರೆದಾನು? ಲೋಕರಕ್ಷಕನಾಗಿ, ಅಂದರೆ ಕಾನ್‌ಸ್ಟೆಬಲ್ ಆಗಿ, ಸೇರುವ ಹುಡುಗ ಐದು ವರ್ಷ ಫಿಕ್ಸ್ ಪಗಾರದಲ್ಲಿ ದುಡಿಯುತ್ತಾನೆ. ಅವನಿಗೆ ವಾರದ ರಜೆ, ತನಿಖೆಯ ತರಬೇತಿ, ಮರ್ಯಾದೆಯ ಸಂಬಳ ಸಿಗಬೇಕೆಂದೂ ನಾವು ಹೋರಾಡುತ್ತೇವೆ. ಠಾಣೆಯಲ್ಲಿ ಧ್ವನಿಸಹಿತ ಸಿಸಿಟಿವಿ ಇರಬೇಕೆಂದು 2020ರಲ್ಲಿ ಅದೇ ಕೋರ್ಟ್ ಆದೇಶಿಸಿದೆ. ಕ್ಯಾಮೆರಾ ಗೋಡೆಯ ಮೇಲಿದ್ದರೆ ಸಾಲದು, ಕೇಳಿದಾಗ ದೃಶ್ಯ ಸಿಗಬೇಕು.

ನಮ್ಮ ಕಡೆಯಿಂದಲೂ ಮಾತು ಕೊಡುತ್ತೇವೆ. ಚಲನ್ ತಪ್ಪಿಸಿಕೊಳ್ಳಲು ಯಾರಿಗೂ ಫೋನ್ ಮಾಡಿಸುವುದಿಲ್ಲ, ನೋಟು ಮಡಚಿ ಕೊಡುವುದಿಲ್ಲ. ಪಂಚರಾಗಿ ಕರೆದರೆ ಹೋಗುತ್ತೇವೆ. ಪಂಚನಾಮೆಯನ್ನು ಓದದೆ ಸಹಿ ಹಾಕುವುದಿಲ್ಲ.

ದೂರು ಕೊಡಲು ಹೋದವರು ಎಫ್‌ಐಆರ್ ಪ್ರತಿ ಕೈಗೆ ಬರುವವರೆಗೆ ಕುರ್ಚಿ ಬಿಟ್ಟು ಏಳಬೇಡಿ. ಒಬ್ಬರೇ ಹೋಗಲು ಅಂಜಿಕೆಯಾದರೆ ನಮ್ಮನ್ನು ಕರೆಯಿರಿ, ಜೊತೆಗೆ ಬರುತ್ತೇವೆ.