ಕೆರೆ ದಂಡೆಯ ಮೇಲೆ ಸುಮ್ಮನೆ ಕೂರುವುದು

ಪಕ್ಕದ ಬೀದಿಯ ಮಿತ್ರರೊಬ್ಬರು ಕಳೆದ ತಿಂಗಳು ಮಗನನ್ನು ಕರೆದುಕೊಂಡು ಮನೆಗೆ ಬಂದಿದ್ದರು. ಹುಡುಗ ಒಂಬತ್ತನೆಯ ತರಗತಿ. ಹಕ್ಕಿಗಳ ಫೋಟೊ ತೆಗೆಯುವ ಹುಚ್ಚು ಹತ್ತಿದೆ. ಅವನಿಗೀಗ ಮೊಳದುದ್ದದ ಲೆನ್ಸ್ ಬೇಕಂತೆ. ಅಪ್ಪನ ಎರಡು ತಿಂಗಳ ಸಂಬಳ ಅದಕ್ಕೇ ಹೋಗುತ್ತದೆ. ‘ನೀವಾದರೂ ಬುದ್ಧಿ ಹೇಳಿ’ ಎಂದು ನನ್ನನ್ನು ಪಂಚಾಯಿತಿಗೆ ಕೂರಿಸಿದರು. ಬುದ್ಧಿ ಹೇಳುವ ಕೆಲಸ ನನಗೆ ಬಾರದು. ‘ಮನೆಯಲ್ಲಿರುವ ಕ್ಯಾಮರಾ ತೆಗೆದುಕೊಂಡು ಭಾನುವಾರ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಗೆ ಬಾ’ ಎಂದೆ.

ಮೈಸೂರಿನ ಬಹಳ ಮಂದಿಗೆ ಕುಕ್ಕರಹಳ್ಳಿ ಕೆರೆ ಎಂದರೆ ವಾಕಿಂಗ್ ಜಾಗ. ಸಕ್ಕರೆ ಕಾಯಿಲೆಯ ಚರ್ಚೆ ಮಾಡುತ್ತ ಬಿರಬಿರನೆ ಸುತ್ತು ಹಾಕುವವರ ಪಕ್ಕದಲ್ಲೇ ಹೆಜ್ಜಾರ್ಲೆಗಳು ತೇಲುತ್ತಿರುತ್ತವೆ, ನೀರುಕಾಗೆಗಳು ರೆಕ್ಕೆ ಹರವಿ ಬಿಸಿಲು ಕಾಯಿಸುತ್ತಿರುತ್ತವೆ. ನಮ್ಮ ಹುಡುಗ ಅವನ್ನು ಕಂಡದ್ದೇ ತಡ, ಕ್ಯಾಮರಾ ಎತ್ತಿ ದಡದತ್ತ ಓಡಿದ. ಹಕ್ಕಿಗಳು ಎದ್ದು ಹೋದವು. ಅವನಿಗೆ ಸಿಕ್ಕಿದ್ದು ಹನ್ನೆರಡು ಬಾಲಗಳ ಚಿತ್ರ.

ಆಮೇಲೆ ಸೂರ್ಯ ನಮ್ಮ ಬೆನ್ನಿಗೆ ಬರುವ ಜಾಗ ನೋಡಿ ಒಂದು ಮರದ ಬುಡದಲ್ಲಿ ಕೂತೆವು. ಮಾತಿಲ್ಲ, ಕೈ ಆಡಿಸುವಂತಿಲ್ಲ. ಹದಿನಾಲ್ಕು ವರ್ಷದ ಹುಡುಗನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ! ಇಪ್ಪತ್ತು ನಿಮಿಷವಾಗಿರಬಹುದು, ಎಲ್ಲಿಂದಲೋ ಒಂದು ಕೊಳದ ಬಕ ಬಂದು ನಮ್ಮಿಂದ ಹತ್ತು ಹೆಜ್ಜೆ ದೂರದಲ್ಲಿ ಇಳಿಯಿತು. ಮಣ್ಣಿನ ಬಣ್ಣದ ಹಕ್ಕಿ, ನಿಂತರೆ ಒಣಗಿದ ಬೊಡ್ಡೆಯಂತೆ. ಅದೂ ನಮ್ಮ ಹಾಗೆಯೇ ಅಲ್ಲಾಡದೆ ಕಾಯುವ ಜಾತಿ. ಹುಡುಗ ಉಸಿರು ಬಿಗಿಹಿಡಿದು ಕ್ಲಿಕ್ಕಿಸಿದ.

ನಡೆದು ಬರುವ ಮನುಷ್ಯನಿಗೆ ಹಕ್ಕಿ ಹೆದರುತ್ತದೆ, ಕೂತ ಮನುಷ್ಯನನ್ನು ಸ್ವಲ್ಪ ಹೊತ್ತಿಗೆ ಮರೆಯುತ್ತದೆ. ಮೇಯುತ್ತಿದ್ದ ಹಕ್ಕಿ ಮೇವು ಬಿಟ್ಟು ಕತ್ತು ನೀಳವಾಗಿ ಎತ್ತಿತೆಂದರೆ ನೀವು ಆಗಲೇ ಜಾಸ್ತಿ ಹತ್ತಿರ ಹೋಗಿದ್ದೀರಿ ಎಂದರ್ಥ. ಎರಡು ಹೆಜ್ಜೆ ಹಿಂದೆ ಸರಿಯಿರಿ. ಕ್ಯಾಮರಾ ನೀರಿನ ಮಟ್ಟಕ್ಕೆ ಹತ್ತಿರವಿದ್ದಷ್ಟೂ ಚಿತ್ರ ಚೆನ್ನ. ಪ್ಯಾಂಟು ಕೊಳೆಯಾಗುತ್ತದೆ, ತಾಯಂದಿರು ಕ್ಷಮಿಸಬೇಕು. ಕಪ್ಪು ನೀರಿನ ಮುಂದೆ ನಿಂತ ಬೆಳ್ಳಕ್ಕಿಯನ್ನು ಕ್ಯಾಮರಾ ಸುಣ್ಣದ ಉಂಡೆ ಮಾಡಿಬಿಡುತ್ತದೆ, ಆಗ ಎಕ್ಸ್‌ಪೋಷರ್ ಒಂದು ಸ್ಟಾಪ್ ಇಳಿಸಬೇಕು. ಹಾರುವ ಹಕ್ಕಿಗೆ ಸೆಕೆಂಡಿನ 1000ನೇ ಒಂದು ಭಾಗದ ಷಟರ್ ವೇಗವಾದರೂ ಇರಲಿ. ಉಳಿದದ್ದನ್ನು ಕ್ಯಾಮರಾದ ಜೊತೆ ಬರುವ ಪುಸ್ತಕವೇ ಹೇಳುತ್ತದೆ.

ಪುಸ್ತಕದಲ್ಲಿ ಇಲ್ಲದ ಒಂದು ಸಂಗತಿಯನ್ನು ಅವನಿಗೆ ಹೇಳಬೇಕಿತ್ತು. ಹೇಳಲು ಸಂಕೋಚವಾಯಿತು, ಆದರೂ ಹೇಳಿದೆ.

ಫಿಲಂ ರೋಲಿನ ಕಾಲ. ಒಂದು ರೋಲಿಗೆ 36 ಚಿತ್ರ. ನಮ್ಮೂರ ಸಣ್ಣ ಕೆರೆಯ ಜೊಂಡಿನಲ್ಲಿ ಗುಳುಮುಳುಕ ಗೂಡು ಕಟ್ಟಿತ್ತು. ಬಾತುವಿನ ಮರಿಯಷ್ಟೇ ಗಾತ್ರದ, ಗುಳುಕ್ ಎಂದು ಮುಳುಗಿ ಇನ್ನೆಲ್ಲೋ ಏಳುವ ಹಕ್ಕಿ ಅದು. ಕೊಳೆತ ಜೊಂಡು, ಪಾಚಿಗಳನ್ನು ಪೇರಿಸಿ ನೀರಿನ ಮೇಲೆ ತೇಲುವ ಗೂಡು ಮಾಡುತ್ತದೆ. ಗೂಡು ಬಿಟ್ಟು ಇಳಿಯುವ ಮುನ್ನ ಮೊಟ್ಟೆಗಳ ಮೇಲೆ ಪಾಚಿ ಎಳೆದು ಮುಚ್ಚುವುದು ಅದರ ಅಭ್ಯಾಸ. ನಾನು ಸೊಂಟದ ಮಟ್ಟದ ನೀರಿನಲ್ಲಿ ಗೂಡಿನ ತೀರ ಹತ್ತಿರಕ್ಕೇ ಹೋದೆ. ಮುಚ್ಚಲು ಪುರುಸೊತ್ತು ಕೊಡಲಿಲ್ಲ, ಹಕ್ಕಿ ಹಾಗೆಯೇ ಮುಳುಗಿತು. ನಾಲ್ಕು ಮೊಟ್ಟೆ, ಒಳ್ಳೆಯ ಬೆಳಕು. ಚಿತ್ರ ತೆಗೆದು ದಡಕ್ಕೆ ಬಂದು ತಿರುಗಿ ನೋಡುವಷ್ಟರಲ್ಲಿ ಗೂಡಿನ ಮೇಲೆ ಕಾಗೆ ಕೂತಿತ್ತು.

ಆ ರೋಲಿನಲ್ಲಿ ಸ್ಪಷ್ಟವಾಗಿ ಬಂದದ್ದು ಅದೊಂದೇ ಚಿತ್ರ. ಈಗಲೂ ಮೇಜಿನ ಖಾನೆಯಲ್ಲಿದೆ. ಯಾರಿಗೂ ತೋರಿಸಿಲ್ಲ, ಯಾವ ಸ್ಪರ್ಧೆಗೂ ಕಳಿಸಿಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಬೇಟೆ’ ಎಂಬ ಪದದ ವಿವರಣೆ ಓದಿ ನೋಡಿ. ಕಾಡುಹಕ್ಕಿಯ ಗೂಡಿಗೆ, ಮೊಟ್ಟೆಗೆ ತೊಂದರೆ ಕೊಡುವುದೂ ಅದರಲ್ಲಿ ಸೇರಿದೆ. ಕೋವಿಯ ಬದಲು ಕ್ಯಾಮರಾ ಹಿಡಿದವನು ನಾನು, ಆದರೂ ಆ ದಿನ ಮಾಡಿದ್ದು ಬೇಟೆಯೇ.

ಗೂಡುಗಳ ಚಿತ್ರ ಬೇಕೇ ಬೇಕೆನ್ನುವವರು ರಂಗನತಿಟ್ಟಿಗೆ ಹೋಗಲಿ. ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾದ ಅಲ್ಲಿ ದೋಣಿಗಳನ್ನು ನೋಡಿ ನೋಡಿ ಹಕ್ಕಿಗಳಿಗೆ ರೂಢಿಯಾಗಿದೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಂತೂ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಮನೆಗಳ ನಡುವಿನ ಮರಗಳಲ್ಲೇ ಸಂಸಾರ ಹೂಡುತ್ತವೆ. ಮನೆ ಹತ್ತಿರದ ಕೆರೆಯ ಹಕ್ಕಿಗೆ ಆ ರೂಢಿ ಇಲ್ಲ. ಆದರೆ ಆ ಕೆರೆಗೆ ನೀವು ನಾಳೆಯೂ ಹೋಗಬಹುದು, ನಾಡಿದ್ದೂ ಹೋಗಬಹುದು. ಇವತ್ತೇ ಸಿಗಬೇಕೆಂಬ ಹಟವೇಕೆ?

ನಾಲ್ಕನೆಯ ಭಾನುವಾರ ಹುಡುಗ ಒಬ್ಬನೇ ಹೋಗಿ ಬಂದು ಚಿತ್ರವೊಂದನ್ನು ತೋರಿಸಿದ. ಚಿತ್ರದ ತುಂಬ ನೀರು, ಮೂಲೆಯಲ್ಲಿ ಕಡಲೆಕಾಳಿನಷ್ಟು ಗುಳುಮುಳುಕ. ದೊಡ್ಡದು ಮಾಡಿ ನೋಡಿದರೆ ಅದರ ಬೆನ್ನ ಗರಿಗಳ ನಡುವಿನಿಂದ ಪಟ್ಟೆಪಟ್ಟೆಯ ಪುಟ್ಟ ತಲೆಯೊಂದು ಇಣುಕುತ್ತಿತ್ತು. ‘ಇನ್ನೂ ಹತ್ತಿರ ಹೋಗಬಹುದಿತ್ತು, ಹೋಗಲಿಲ್ಲ’ ಎಂದ.

ಲೆನ್ಸಿನ ವ್ಯಾಜ್ಯ ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ಈಗ ಅಪ್ಪನೇ ಬೆಲೆ ವಿಚಾರಿಸುತ್ತಿದ್ದಾರಂತೆ.